ಎಂಟು ದಿನಗಳ ಸಮಯಪಟ್ಟಿ

ಹತ್ತೂ ಹತ್ತಕ್ಕೆ ಒಳಗೆ ಕರೆಯಬೇಕಾಗಿದ್ದವರು ಹತ್ತೂ ಮೂವತ್ತೆಂಟಾದರೂ ಕರೆದಿರಲಿಲ್ಲ. ಗೋಡೆಯ ಗಡಿಯಾರ ಎರಡು ನಿಮಿಷ ಮುಂದಿದೆ ಎಂಬುದನ್ನು ಅವಳು ಬಂದ ಕೂಡಲೇ ಪತ್ತೆ ಹಚ್ಚಿದ್ದಳು. ಅದನ್ನು ಯಾರಿಗಾದರೂ ಹೇಳಿಬಿಡಬೇಕೆಂದು ನಾಲಿಗೆ ತುರಿಸುತ್ತಿತ್ತು. ವೀಸಾ ಕಚೇರಿಯ ಹಜಾರದಲ್ಲಿ ಆರಾರು ಕುರ್ಚಿಗಳನ್ನು ಒಂದೊಂದು ಕಬ್ಬಿಣದ ಪಟ್ಟಿಗೆ ಬೆಸೆದಿದ್ದರು. ಆ ತುದಿಯಲ್ಲಿ ಯಾರಾದರೂ ಕಾಲು ಕುಣಿಸಿದರೆ ಈ ತುದಿಯಲ್ಲಿ ಕೂತವರ ಮೈ ಅಲುಗುತ್ತಿತ್ತು. ಯಾರಪ್ಪಾ ಇದು ತಾಳ್ಮೆಯಿಲ್ಲದವರು ಎಂದು ಅವಳು ಸಾಲಿನುದ್ದಕ್ಕೂ ಕಣ್ಣು ಹಾಯಿಸಿದಳು. ಕಾಲು ಕುಣಿಸುತ್ತಿದ್ದವಳು ತಾನೇ ಎಂದು ಗೊತ್ತಾದದ್ದು ಗಂಡ ಅವಳ ಮಂಡಿಯ ಮೇಲೆ ಕೈಯಿಟ್ಟಾಗ. ಇಬ್ಬರ ನಡುವಿನ ಕುರ್ಚಿಯಲ್ಲಿ ಐದು ವರ್ಷದ ಮಗಳು ಕಾಲು ಇಳಿಬಿಟ್ಟು, ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಕೂತಿದ್ದಳು. ಹುಟ್ಟಿದಾಗಿನಿಂದ ದುಂಡಗೆ ತೆರೆದೇ ಇರುವ ಕಣ್ಣುಗಳಿಂದಾಗಿ ಅವಳಿಗೆ ಗೋಲಿ ಎಂದೇ ಹೆಸರು ಬಿದ್ದಿತ್ತು. ಗೋಲಿ ಒಮ್ಮೆಯೂ ಗಡಿಯಾರ ನೋಡಲಿಲ್ಲ, ಎಷ್ಟು ಹೊತ್ತು ಅನ್ನಲಿಲ್ಲ, ಯಾವಾಗ ಅನ್ನಲಿಲ್ಲ. ಮುಂದಿನ ಸಾಲಿನ ಹೆಂಗಸೊಬ್ಬಳು ಹಿಂತಿರುಗಿ ನೋಡಿ, "ಎಷ್ಟು ಒಳ್ಳೆ ಮಗು, ಒಂಚೂರೂ ರಗಳೆ ಇಲ್ಲ" ಎಂದಳು. ಗೋಲಿಯ ತಾಯಿ ನಕ್ಕಳು. ಆ ಮಾತು ಎಲ್ಲಿ ತಾಗಿತೆಂದು ಆ ಹೆಂಗಸಿಗೆ ಗೊತ್ತಾಗುವ ಹಾಗಿರಲಿಲ್ಲ.

ತೊಡೆಯ ಮೇಲೆ ನೀಲಿ ಫೈಲಿತ್ತು. ಅದರೊಳಗೆ ಎಂಟು ಹಾಳೆಗಳು, ವಿದೇಶ ಪ್ರವಾಸದ ಎಂಟು ದಿನಗಳು. ಪ್ರತಿ ದಿನವನ್ನೂ ಕಾಲುಗಂಟೆಗೊಂದು ಗೆರೆ ಎಳೆದು ಸೀಳಿ, ಯಾವ ಗೆರೆಯ ನಡುವೆ ಏನು ಎಂದು ತುಂಬಿದ್ದಳು. ಹಸಿರು ಬಣ್ಣದ್ದೆಲ್ಲ ಗೋಲಿಗೆ: ಗಾಜಿನ ಸುರಂಗದ ಮೇಲೆ ಮೀನು ಈಜುವ ಮನೆ, ಏನನ್ನು ಮುಟ್ಟಿದರೂ ಯಾರೂ ಬೈಯದ ಮಕ್ಕಳ ವಸ್ತುಸಂಗ್ರಹಾಲಯ, ಮಕ್ಕಳನ್ನೇ ಚಾಲಕರನ್ನಾಗಿ ಮಾಡುವ ಪುಟ್ಟ ರೈಲು, ನೀರಿನ ಕಾರಂಜಿಗಳ ನಡುವೆ ಓಡಾಡುವ ಬಯಲು. ಮೂರು ತಿಂಗಳಿಂದ ಹುಡುಕಿ, ಅಳೆದು ತೂಗಿ ಆರಿಸಿದ್ದು. ಇಂಥ ಕೆಲಸದಲ್ಲಿ ಅವಳ ಕೈ ಪಳಗಿದ್ದೇ. ನಗರದ ಬಸ್ ಡಿಪೋದಲ್ಲಿ ಹನ್ನೆರಡು ವರ್ಷಗಳಿಂದ ಅವಳ ಉದ್ಯೋಗವೇ ಅದು, ಯಾವ ಬಸ್ಸು ಯಾವ ನಿಲ್ದಾಣವನ್ನು ಎಷ್ಟು ಹೊತ್ತಿಗೆ ಬಿಡಬೇಕೆಂದು ಬರೆಯುವುದು. ಡ್ರೈವರುಗಳು ಬೆನ್ನ ಹಿಂದೆ ನಿಮಿಷದಮ್ಮ ಎನ್ನುತ್ತಿದ್ದರು. ಮೊದಮೊದಲು ಕೇಳಿ ಕಿವಿ ಕೆಂಪಾಗಿತ್ತು. ಆಮೇಲೆ ಒಳಗೊಳಗೇ ಬೀಗುತ್ತಿದ್ದಳು, ಈ ಊರಿನಲ್ಲಿ ನಿಮಿಷಕ್ಕೂ ಒಬ್ಬಳು ತಾಯಿ ಇರಬೇಕಲ್ಲ ಎಂದು. ನಿನ್ನೆ ಮಧ್ಯಾಹ್ನ ಊಟದ ಬಿಡುವಿನಲ್ಲಿ ಈ ಎಂಟು ಹಾಳೆಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೊನೆಯ ಸಲ ತಿದ್ದುತ್ತಿದ್ದಾಗ, ಸಹಿಗೆಂದು ಬಂದ ಹಿರಿಯ ಡ್ರೈವರು, ಇನ್ನು ಎರಡು ವರ್ಷಕ್ಕೆ ನಿವೃತ್ತಿಯಾಗುವವನು, ಕನ್ನಡಕ ಹಣೆಗೇರಿಸಿ ಬಗ್ಗಿ ನೋಡಿದ್ದ. "ಹೊಸ ರೂಟಾ ಅಮ್ಮಾ ಇದು?" ಎಂದ. ಅವನು ಬೆರಳನ್ನು ಗೆರೆಯಿಂದ ಗೆರೆಗೆ ಇಳಿಸುತ್ತ ಹೋಗಿ, ಹಾಳೆಯ ಬುಡಕ್ಕೆ ಬಂದು, "ಉಸಿರೇ ಇಲ್ವಲ್ಲ ಇದ್ರಲ್ಲಿ? ಯಾವ ಪುಣ್ಯಾತ್ಮ ಓಡಿಸ್ತಾನೆ ಇದನ್ನ?" ಎಂದುಬಿಟ್ಟ.

ಉಸಿರು ಎನ್ನುವುದು ಡಿಪೋದ ಮಾತು. ಬಸ್ಸು ಕೊನೆಯ ನಿಲ್ದಾಣ ಮುಟ್ಟಿದ ಮೇಲೆ ಮತ್ತೆ ಹೊರಡುವ ಮುನ್ನ ಕೊಡುವ ಆರೇಳು ನಿಮಿಷದ ಬಿಡುವು ಅದು. ದಾರಿಯಲ್ಲಿ ಯಾರೋ ಅಜ್ಜಿ ಮೆಟ್ಟಿಲು ಹತ್ತಲು ತಡಮಾಡಿದ್ದು, ಸಿಗ್ನಲ್ಲು ಕೆಟ್ಟದ್ದು, ಚಿಲ್ಲರೆಗಾಗಿ ಜಗಳವಾದದ್ದು, ಎಲ್ಲ ಅದರಲ್ಲಿ ಕರಗಿಹೋಗಬೇಕು. ಇಲ್ಲದಿದ್ದರೆ ಬೆಳಗಿನ ನಾಲ್ಕು ನಿಮಿಷದ ತಡ ಸಂಜೆಗೆ ನಲವತ್ತಾಗಿ ಕೂತಿರುತ್ತದೆ. ಹೊಸದಾಗಿ ಸೇರಿದವರಿಗೆ ಅವಳು ಹೇಳಿಕೊಡುವ ಮೊದಲ ಪಾಠವೇ ಅದು, ಉಸಿರು ಕದಿಯಬೇಡಿ. ಅಂಥವಳು ಸ್ವಂತ ಮಗಳ ಎಂಟು ದಿನಕ್ಕೆ ಒಂದು ನಿಮಿಷದ ಉಸಿರನ್ನೂ ಇಟ್ಟಿರಲಿಲ್ಲ. ಡ್ರೈವರು ಸಹಿ ಹಾಕಿಸಿಕೊಂಡು ಹೋದ ಮೇಲೆ ಅವಳು ಹಾಳೆಗಳನ್ನು ಮಗುಚಿಟ್ಟಳು. ಮರೆತದ್ದೇನಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಖಾಲಿ ಕಾಲುಗಂಟೆ ಎಂದರೆ ಬೇಸರ, ಬೇಸರ ಎಂದರೆ ಮಗುವಿನ ಪ್ರಶ್ನೆ, ಪ್ರಶ್ನೆ ಎಂದರೆ ತಾನು ಸಿಡಿಯುವುದು. ಹೆದರಿಕೆ ತನ್ನ ಬಗ್ಗೆಯೇ.

ಅವರು ಕೂತಿದ್ದ ರೈಲು ಒಮ್ಮೆ ಬಟ್ಟಬಯಲಿನಲ್ಲಿ ನಾಲ್ಕು ಗಂಟೆ ನಿಂತಿತ್ತು. ಹನ್ನೊಂದು ತಿಂಗಳ ಹಿಂದಿನ ಮಾತು. ಭಾವನ ಮನೆಗೆ ಹೊರಟಿದ್ದರು. ಎಂಜಿನ್ನು ಕೆಟ್ಟಿದೆಯೋ, ಹಳಿ ಕೆಟ್ಟಿದೆಯೋ ಹೇಳುವವರಿಲ್ಲ. ಕಿಟಕಿಯ ಆಚೆ ಒಂದು ಕಂಬ, ಕಂಬಕ್ಕೆ ಒಂದು ನಂಬರು. ಗೋಲಿ ಕೇಳಿದಳು, ಅಮ್ಮಾ ಯಾವಾಗ ಹೊರಡುತ್ತೆ. ಈಗ ಹೊರಡುತ್ತೆ. ಯಾವಾಗ. ಇನ್ನೇನು. ಯಾವಾಗ ಅಮ್ಮಾ. ಸಮಯ ಹೇಳುವುದನ್ನೇ ಬದುಕು ಮಾಡಿಕೊಂಡವಳಿಗೆ ಸಮಯ ಹೇಳಲಾಗದ ಆ ನಾಲ್ಕು ಗಂಟೆ ಮೈಮೇಲೆ ಇರುವೆ ಬಿಟ್ಟ ಹಾಗಿತ್ತು. ನಲವತ್ತನೆಯ ಸಲವೋ ಐವತ್ತನೆಯ ಸಲವೋ ಕೇಳಿದಾಗ ಅವಳು ಕಿರುಚಿದ್ದಳು, "ಬಾಯಿ ಮುಚ್ಚು! ನಿನ್ನ ಕರ್ಕೊಂಡು ಬಂದಿದ್ದೇ ತಪ್ಪಾಯ್ತು!" ಎದುರು ಸೀಟಿನ ಅಜ್ಜಿ ಮಗುವನ್ನು ಎತ್ತಿ ಮಡಿಲಲ್ಲಿ ಕೂರಿಸಿಕೊಂಡಿತು. ಅವಳ ಕಡೆ ನೋಡಲೂ ಇಲ್ಲ. ಹೊಡೆದಿದ್ದರೆ ಮಗು ಒಂದು ದಿನಕ್ಕೆ ಮರೆಯುತ್ತಿತ್ತೇನೋ. ಆ ದಿನದಿಂದ ಇವತ್ತಿನವರೆಗೆ ಗೋಲಿ ಅವಳ ಹತ್ತಿರ ಯಾವಾಗ ಎಂದು ಒಂದು ಸಲವೂ ಕೇಳಿಲ್ಲ. ಬೇಕಾದರೆ ಅಪ್ಪನ ಕಿವಿಯಲ್ಲಿ ಕೇಳುತ್ತಾಳೆ. ಯಾಕೆ ಎಂದು ಕೇಳುತ್ತಾಳೆ, ಏನು, ಎಲ್ಲಿ, ಯಾರು, ಎಲ್ಲ ಕೇಳುತ್ತಾಳೆ. ಯಾವಾಗ ಮಾತ್ರ ಇಲ್ಲ. ಮನೆಯಲ್ಲಿ ಇದನ್ನು ಗಮನಿಸಿದವರು ಬೇರಾರೂ ಇಲ್ಲವೆಂದು ಅವಳು ಅಂದುಕೊಂಡಿದ್ದಳು. ಈ ಪ್ರವಾಸವೆಂಬ ದೊಡ್ಡ ಏರ್ಪಾಡೆಲ್ಲ ಆ ಒಂದು ಮಾತನ್ನು ವಾಪಸು ಪಡೆಯಲಿಕ್ಕೆ ಎಂದು ಹೇಳಿದರೆ ಜನ ನಗುತ್ತಾರೆ, ಹೌದು. ವಿಮಾನ ಹತ್ತಿ, ಸಮುದ್ರ ದಾಟಿ, ಎಂಟು ದಿನ ಮಗುವಿಗೆ ಒಂದು ಗಳಿಗೆಯೂ ಬೇಸರವಾಗದಂತೆ ನೋಡಿಕೊಂಡು, ಒಂಬತ್ತನೆಯ ದಿನ ಅವಳು ಓಡಿಬಂದು, ಅಮ್ಮಾ ಮತ್ತೆ ಯಾವಾಗ ಹೋಗೋಣ ಎನ್ನಬೇಕು. ಅಷ್ಟೇ ಅವಳ ಆಸೆ.

"ನಾನು ಹೊರಡ್ಲಾ?" ಎಂದ ಗಂಡ. "ನನ್ನ ವೀಸಾ ಕೆಲಸ ಆಗ್ಲೇ ಮುಗ್ದಿದೆ, ಹನ್ನೊಂದೂವರೆಗೆ ಆ ಮೇಷ್ಟ್ರು ಬರ್ತಾರೆ. ಪಾಪ, ಮೂರು ವಾರದಿಂದ ಗಂಜಿ ಕುಡೀತಿದಾರೆ." ಅವನು ಕಟ್ಟುಹಲ್ಲು ಮಾಡುವವನು. ದಂತವೈದ್ಯರು ಕಳಿಸಿದ ಅಚ್ಚುಗಳನ್ನು ಮೇಜಿನ ಮೇಲೆ ಸಾಲಾಗಿಟ್ಟುಕೊಂಡು, ಯಾರದೋ ನಗುವನ್ನು ಮೇಣದಲ್ಲಿ ಕೆತ್ತುತ್ತ ದಿನ ಕಳೆಯುವವನು. ಒಂದು ಹಲ್ಲು ಕೂರಲಿಲ್ಲವೆಂದರೆ ಮುನಿಸಿಲ್ಲದೆ ಕರಗಿಸಿ ಮತ್ತೆ ಶುರು ಮಾಡುತ್ತಿದ್ದ. ಎಷ್ಟು ಹೊತ್ತಾಗುತ್ತೆ ಎಂದು ಕೇಳಿದರೆ, ಆದಷ್ಟು ಹೊತ್ತು ಎನ್ನುತ್ತಿದ್ದ, ಅದೂ ಗಂಭೀರವಾಗಿ. ಮದುವೆಯಾದ ಹೊಸದರಲ್ಲಿ ಆ ಉತ್ತರ ಕೇಳಿ ಅವಳಿಗೆ ತಲೆ ಚಚ್ಚಿಕೊಳ್ಳುವ ಹಾಗಾಗುತ್ತಿತ್ತು. ಈಗ ಅವನು ಗೋಲಿಯ ಮುಂದೆ ಮಂಡಿಯೂರಿ ಕೂತು, ಅವಳ ಶೂ ಲೇಸನ್ನು ಬಿಚ್ಚಿ, ಬಿಚ್ಚುವ ಅಗತ್ಯವೇನೂ ಇರಲಿಲ್ಲ, ಮತ್ತೆ ಕಟ್ಟುತ್ತಿದ್ದುದನ್ನು ನೋಡುತ್ತಿದ್ದಂತೆ ಅವಳಿಗೆ ಹೊಟ್ಟೆಕಿಚ್ಚೂ ಮೆಚ್ಚುಗೆಯೂ ಒಟ್ಟಿಗೇ ಬಂದವು. ಈ ಮನುಷ್ಯ ಯಾವ ಪಟ್ಟಿಯೂ ಇಲ್ಲದೆ ಮಗುವಿನ ಜೊತೆ ಇರಬಲ್ಲ. ಸುಮ್ಮನೆ ಇರಬಲ್ಲ. ಅದೂ ಒಂದು ವಿದ್ಯೆಯೇ. ಅದನ್ನು ಕಲಿಸುವ ಶಾಲೆ ಇದ್ದಿದ್ದರೆ ಮೊದಲ ದಿನವೇ ಹೋಗಿ ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದಳು. ಹೊರಡುವಾಗ ಅವನು ಹೆಂಡತಿಯ ಕಿವಿಯ ಹತ್ತಿರ ಬಗ್ಗಿ, "ಯಾವಾಗ ಅನ್ನೋದನ್ನ ಅಮ್ಮನ್ನೇ ಕೇಳು ಅಂತ ನಾನೂ ಅವಳಿಗೆ ಹೇಳ್ತಾ ಇರ್ತೀನಿ" ಎಂದ. ಹಾಗಾದರೆ ಅವನಿಗೆ ಗೊತ್ತಿತ್ತು. ಹನ್ನೊಂದು ತಿಂಗಳು ಗೊತ್ತಿದ್ದೂ ಒಂದು ಸಲವೂ ಎತ್ತಿ ಆಡದೆ ಇದ್ದನಲ್ಲ, ಅದಕ್ಕೆ ಎಂಥ ಗುಂಡಿಗೆ ಬೇಕು ಎಂದು ಅವನ ಬೆನ್ನು ಬಾಗಿಲಾಚೆ ಮರೆಯಾಗುವವರೆಗೆ ನೋಡಿದಳು.

ಚೀಲದಲ್ಲಿ ಆಟಗಳಿದ್ದವು. ಒಂದೊಂದನ್ನೂ ಪ್ಲಾಸ್ಟಿಕ್ ಲಕೋಟೆಗೆ ಹಾಕಿ, ಹತ್ತೂ ನಲವತ್ತೈದು, ಹನ್ನೊಂದು, ಹನ್ನೊಂದೂ ಕಾಲು ಎಂದು ಚೀಟಿ ಅಂಟಿಸಿದ್ದಳು; ವಿಮಾನದ ಏಳು ಗಂಟೆಗೆ ಇದೊಂದು ತಾಲೀಮು ಎಂದು ಮನಸ್ಸಿನಲ್ಲಿ. ಮೊದಲನೆಯದರಲ್ಲಿ ಚುಕ್ಕಿ ಸೇರಿಸುವ ಚಿತ್ರ. ಗೋಲಿ ವಿಧೇಯಳಾಗಿ ಮೂರೇ ನಿಮಿಷದಲ್ಲಿ ಸೇರಿಸಿ, ಆನೆ, ಎಂದು ವಾಪಸು ಕೊಟ್ಟಳು. ಎರಡನೆಯದು ಎರಡು ನಿಮಿಷಕ್ಕೆ ಮುಗಿಯಿತು. ಮೂರನೆಯದನ್ನು ತೆಗೆಯಲು ಕೈ ಹಾಕಿದಾಗ ಗೋಲಿ, "ಅಮ್ಮಾ, ಈಗ ಆ ಕೆಂಪು ಬೂಟಿನ ಮಾಮ ಏಳ್ತಾರೆ ನೋಡು" ಎಂದಳು. ಗೋಡೆಯ ಫಲಕದಲ್ಲಿ ಟಿಂಗ್ ಎಂದು ನಂಬರು ಬದಲಾಯಿತು. ಕೆಂಪು ಬೂಟಿನವನು ಎದ್ದ. ಅವಳು ಬೆಪ್ಪಾಗಿ ಮಗಳನ್ನು ನೋಡಿದಳು. "ಹೇಗೆ ಗೊತ್ತಾಯ್ತೇ?" ಗೋಲಿ ದನಿ ತಗ್ಗಿಸಿ ವಿವರಿಸಿದಳು. ಹತ್ತಿರ ಬಂದವರು ಮೊದಲು ಕಾಗದ ಜೋಡಿಸ್ಕೋತಾರೆ, ಆಮೇಲೆ ಕೂದಲು ಸರಿ ಮಾಡ್ಕೋತಾರೆ, ಆಮೇಲೆ ಪಕ್ಕದವರನ್ನ ನೋಡ್ತಾರೆ. "ಆ ದೊಡ್ಡ ಚೀಲದ ಅಜ್ಜ ಇನ್ನೂ ಕಾಗದಾನೇ ತೆಗ್ದಿಲ್ಲ. ಅವರು ಲೇಟು." ಕೈ ತೊಡೆಯ ಕೆಳಗಿಟ್ಟುಕೊಂಡು ಸುಮ್ಮನೆ ಕೂತಿದ್ದ ಈ ಮುಕ್ಕಾಲು ಗಂಟೆ ಹುಡುಗಿ ಇಡೀ ಹಜಾರವನ್ನು ಓದಿಬಿಟ್ಟಿದ್ದಳು. ಆಮೇಲೆ ಇಬ್ಬರೂ ಪಂದ್ಯ ಕಟ್ಟಿ ಆಡಿದರು. ನಿಮಿಷದಮ್ಮ ಸರದಿಗೆ ತಗಲುವ ಸರಾಸರಿ ಹೊತ್ತು, ತೆರೆದಿರುವ ಕೌಂಟರುಗಳು, ಎಲ್ಲ ಗುಣಿಸಿ ಭಾಗಿಸಿ ಆರು ಸಲ ಹೇಳಿ ಆರೂ ಸಲ ಸೋತಳು. ಗೋಲಿ ಜನರ ಮುಖ ನೋಡಿ ಆರರಲ್ಲಿ ಐದು ಗೆದ್ದಳು. ಎಂಥ ಹುಡುಗಿ ಇದು, ಎಲ್ಲಿಂದ ಬಂತು ಇದಕ್ಕೆ ಇಷ್ಟು ಸೂಕ್ಷ್ಮ, ತನ್ನ ಹೊಟ್ಟೆಯಲ್ಲಿ ಹುಟ್ಟಿದ್ದೇ ಹೌದಾ ಎಂದು ಹೆಮ್ಮೆ ಉಕ್ಕಿ ಬಂತು. ಇವಳನ್ನು ರಂಜಿಸಲಿಕ್ಕೆಂದು ತಾನು ಮೂರು ತಿಂಗಳು ಮೀನು, ರೈಲು, ಕಾರಂಜಿ ಎಂದು ಒದ್ದಾಡಿದೆನಲ್ಲ. ಏಳನೆಯ ಆಟದಲ್ಲಿ ಗೋಲಿ ಇದ್ದಕ್ಕಿದ್ದಂತೆ ಅವಳನ್ನೇ ದಿಟ್ಟಿಸಿ, "ಈಗ ನಾವು" ಎಂದಳು. ಅಮ್ಮನ ಕೈ ಆಗಲೇ ತನ್ನ ಕೂದಲಿನ ಮೇಲಿತ್ತು.

ಕೌಂಟರಿನ ಗಾಜಿನ ಹಿಂದೆ ಇದ್ದ ಅಧಿಕಾರಿ ದಡೂತಿ ಆಸಾಮಿ, ಒಳ್ಳೆಯವನೇ. ಕಾಗದಗಳನ್ನು ಒಂದೊಂದಾಗಿ ತಿರುವಿದ. ಪ್ರವಾಸದ ವಿವರ ಎಂದಾಗ ಅವಳು ಎಂಟು ಹಾಳೆಗಳನ್ನೂ ಗಾಜಿನ ಕೆಳಗಿನ ಸಂದಿಯಿಂದ ತಳ್ಳಿದಳು. ಅವನು ಮೊದಲ ಹಾಳೆ ನೋಡಿದ, ಎರಡನೆಯದು ನೋಡಿದ, ಪಕ್ಕದ ಕುರ್ಚಿಯವಳನ್ನು ಕರೆದ. "ಇಲ್ನೋಡಿ ಮೇಡಂ, ಒಂಬತ್ತೂ ಕಾಲಿಂದ ಒಂಬತ್ತೂವರೆ, ಪಾರಿವಾಳ ನೋಡುವುದು. ಒಂಬತ್ತೂವರೆಯಿಂದ ಒಂಬತ್ತೂ ಮುಕ್ಕಾಲು, ನಗುವುದು, ಫೋಟೋ." ಇಬ್ಬರೂ ಕುಲುಕುಲು ನಕ್ಕರು. ಹಿಂದಿನ ಸಾಲಿನಲ್ಲೂ ಯಾರೋ ನಕ್ಕರು. "ದಂಡಯಾತ್ರೆಗೆ ಹೊರಟಿದೀರೇನಮ್ಮಾ? ದಿನಕ್ಕೊಂದು ಸಾಲು ಬರೆದ್ರೆ ಸಾಕು ನಮಗೆ." ಅವಳ ಮುಖ ಬಿಸಿಯಾಯಿತು. ನಗುವುದು ಎಂದು ತಾನು ನಿಜಕ್ಕೂ ಬರೆದಿದ್ದೆನೇ? ಬರೆದಿದ್ದಳು, ಹಸಿರು ಬಣ್ಣದಲ್ಲಿ, ದುಂಡಗೆ. ಅಧಿಕಾರಿ ಮಗುವಿನ ಫೋಟೋ ಎತ್ತಿ ಹಿಡಿದು, "ಇದು ನಡೆಯಲ್ಲ, ಒಂದು ಕಿವಿ ಕೂದಲಲ್ಲಿ ಮುಚ್ಚೋಗಿದೆ. ಆರನೇ ಮಹಡೀಲಿ ಸ್ಟುಡಿಯೋ ಇದೆ, ತೆಗೆಸ್ಕೊಂಡು ಬನ್ನಿ" ಎಂದ. ಫೋಟೋ ತೆಗೆಸಿದ ದಿನ ಮಗಳ ತಲೆ ಬಾಚಿದ್ದು ತಾನೇ, ಬಸ್ಸು ತಪ್ಪುತ್ತದೆಂದು ಅವಸರದಲ್ಲಿ. ಬಳಿಕ ಅವಳ ಸಪ್ಪೆ ಮುಖ ನೋಡಿ ಅವನಿಗೆ ಕನಿಕರವಾಯಿತೇನೋ, ಗಾಜಿಗೆ ಮುಖ ತಂದು ಗೋಲಿಯನ್ನು ಮಾತಾಡಿಸಿದ. "ಏನಮ್ಮಾ, ವಿಮಾನದಲ್ಲಿ ಏಳು ಗಂಟೆ ಕೂರ್ಬೇಕು. ಬೇಜಾರಾಗಲ್ವಾ ನಿಂಗೆ?"

"ಆಗಲ್ಲ" ಎಂದಳು ಗೋಲಿ. ಪರೀಕ್ಷೆಯಲ್ಲಿ ಗೊತ್ತಿರುವ ಪ್ರಶ್ನೆ ಬಂದವಳ ಹಾಗೆ ನೆಟ್ಟಗೆ ನಿಂತು ಹೇಳಿದಳು, "ನಾನು ಸುಮ್ನೆ ಕೂತ್ಕೋತೀನಿ. ಯಾವಾಗ ಅಂತ ಕೇಳೋದೇ ಇಲ್ಲ. ಕೇಳದೆ ಇದ್ರೆ ಕರ್ಕೊಂಡು ಹೋಗ್ತಾರೆ."

ಅಧಿಕಾರಿ, ಭೇಷ್, ಎಂದ. ಅವಳು ಫೈಲು ಎತ್ತಿಕೊಂಡಳು, ಹಾಳೆಗಳನ್ನು ತುರುಕಿದಳು, ಮಗಳ ಕೈ ಹಿಡಿದಳು, ನಡೆದಳು. ಕಾಲುಗಳು ತಮ್ಮ ಪಾಡಿಗೆ ತಾವು ನಡೆದವು. ಯಾರೂ ಅಂಥ ಕರಾರು ಹಾಕಿರಲಿಲ್ಲ. ಕರ್ಕೊಂಡು ಬಂದಿದ್ದೇ ತಪ್ಪಾಯ್ತು ಎಂದು ಒಬ್ಬಳು ಕಿರುಚಿದ್ದಳು, ಮತ್ತೊಬ್ಬಳು ಅದನ್ನು ಹನ್ನೊಂದು ತಿಂಗಳು ಹೊತ್ತುಕೊಂಡು ತಿರುಗಿ ತನ್ನ ಪಾಲಿನ ನಿಯಮ ಮಾಡಿಕೊಂಡಿದ್ದಳು. ಐದು ವರ್ಷದ ಮಗು ಇಷ್ಟು ದಿನ ಒಂದು ಮಾತನ್ನು ನುಂಗಿಕೊಂಡು ಬದುಕುವುದೆಂದರೆ ಅದೇನು ಸಾಮಾನ್ಯವೇ? ಮುಂದಿನ ಸಾಲಿನ ಹೆಂಗಸು ಮೆಚ್ಚಿದ್ದು ಅದನ್ನೇ. ತನಗೆ ಈ ಮಗುವಿನ ಮೇಲೆ ಇರುವುದು ಪ್ರೀತಿ ಮಾತ್ರವಲ್ಲ, ಗೌರವ ಎಂದು ಅವಳಿಗೆ ಆ ಕ್ಷಣದಲ್ಲಿ ಅನ್ನಿಸಿತು.

ಲಿಫ್ಟಿನ ಬಾಗಿಲ ಮುಂದೆ ಬಂದು ನಿಂತರು. ಪಕ್ಕದಲ್ಲೇ ಮೆಟ್ಟಿಲುಗಳಿದ್ದವು. ಬೇರೆ ದಿನವಾಗಿದ್ದರೆ, ಮೂರು ಮಹಡಿ ತಾನೇ, ನಾಲ್ಕು ನಿಮಿಷ ಉಳಿಯುತ್ತದೆ ಎಂದು ಮಗಳ ರಟ್ಟೆ ಹಿಡಿದು ಹತ್ತಿಸಿಬಿಡುತ್ತಿದ್ದಳು. ಗೋಲಿಗೆ ಲಿಫ್ಟೆಂದರೆ ಪ್ರಾಣ. ಯಾವ ಕಟ್ಟಡಕ್ಕೆ ಹೋದರೂ ಮೊದಲು ಹುಡುಕುವುದು ಅದನ್ನೇ. ಆ ದೇಶದ ಹೆಸರು ಹೇಳಿದ ದಿನ ಅವಳು ಕೇಳಿದ್ದ ಒಂದೇ ಪ್ರಶ್ನೆ, ಅಲ್ಲಿ ಲಿಫ್ಟ್ ಇದೆಯಾ ಎಂದು. ಇದೆ ಎಂದು ಹೇಳಿ, ಎಂಟು ಹಾಳೆಗಳಲ್ಲಿ ಎಲ್ಲಿಯೂ ಬರೆಯದೆ ಬಿಟ್ಟಿದ್ದಳು ತಾನು. ಬಾಗಿಲ ಮೇಲಿನ ಕೆಂಪು ಅಂಕಿ ಒಂಬತ್ತರಲ್ಲಿ ನಿಂತಿತ್ತು. ನಿಂತೇ ಇತ್ತು. ಮೇಲೆ ಯಾರೋ ಸಾಮಾನು ಇಳಿಸುತ್ತಿರಬೇಕು. ಗೋಲಿ ಕತ್ತೆತ್ತಿ ಅಂಕಿ ನೋಡಿದಳು, ಅಮ್ಮನನ್ನು ನೋಡಿದಳು, ಬಾಯಿ ಸ್ವಲ್ಪ ತೆರೆಯಿತು. ಮತ್ತೆ ಮುಚ್ಚಿಕೊಂಡಿತು. ಆ ಮಾತು ಗಂಟಲವರೆಗೆ ಬಂದು ಕೆಳಗಿಳಿದದ್ದನ್ನು ಅವಳು ಕಣ್ಣಾರೆ ಕಂಡಳು.

ಗಂಡ ಮಾಡಿದ ಹಾಗೆ ಅವಳು ಅಲ್ಲೇ ನೆಲಕ್ಕೆ ಮಂಡಿಯೂರಿದಳು. ಫೈಲು ಕೆಳಗಿಟ್ಟಳು. ಶೂ ಲೇಸು ಬಿಚ್ಚಲು ಹೋಗಿ ಬೆರಳುಗಳಿಗೆ ಅದು ಬಗ್ಗದೆ ಬಿಟ್ಟಳು. "ಗೋಲಿ, ಈ ಲಿಫ್ಟು ಯಾವಾಗ ಬರುತ್ತೆ?" ಎಂದು ಕೇಳಿದಳು.

ಗೋಲಿಯ ಕಣ್ಣುಗಳು ಇನ್ನಷ್ಟು ದುಂಡಗಾದವು. "ನಂಗೇನು ಗೊತ್ತು?"

"ಯಾವಾಗ ಬರುತ್ತೆ?"

"ಗೊತ್ತಿಲ್ಲಮ್ಮ."

"ಯಾವಾಗ, ಯಾವಾಗ?"

ಗೋಲಿಗೆ ನಗು ಬಂತು. ನಗಬಹುದೋ ಬಾರದೋ ಎಂದು ಒಂದು ಗಳಿಗೆ ತಡೆದು, ಆಮೇಲೆ ಕೈ ಬಾಯಿಗೆ ಅಡ್ಡ ಹಿಡಿದು ನಕ್ಕಳು. ಫೈಲು ಹಿಡಿದ ಇಬ್ಬರು ಅವರನ್ನು ಸುತ್ತಿಕೊಂಡು ಮೆಟ್ಟಿಲಿನತ್ತ ಹೋದರು. ನೆಲದ ಮೇಲೆ ಕೂತ ಹೆಂಗಸನ್ನು ನೋಡಿ ಏನಂದುಕೊಂಡರೋ, ಅಂದುಕೊಳ್ಳಲಿ. "ಆವತ್ತು ರೈಲಲ್ಲಿ ನಂದೇ ತಪ್ಪು ಕಣೇ" ಎಂದಳು ಅವಳು. "ನಿನ್ನ ಕರ್ಕೊಂಡು ಹೋಗಿದ್ದು ತಪ್ಪಲ್ಲ. ನಾನು ಹಾಗಂದಿದ್ದು ತಪ್ಪು. ಕೇಳಿದ್ರೂ ಕರ್ಕೊಂಡು ಹೋಗ್ತೀನಿ. ಎಷ್ಟು ಸಲ ಕೇಳಿದ್ರೂ."

ಗೋಲಿ ಯೋಚಿಸಿದಳು. ಹಣೆಯ ಮೇಲೆ ಸಣ್ಣ ಗೆರೆ ಮೂಡಿತು. "ರೈಲಿಗೇ ಗೊತ್ತಿರ್ಲಿಲ್ಲ ಅಲ್ವಾ, ಯಾವಾಗ ಹೊರಡೋದು ಅಂತ?" ಎಂದಳು ಕೊನೆಗೆ, ಅಮ್ಮನನ್ನು ಸಮಾಧಾನ ಮಾಡುವ ದನಿಯಲ್ಲಿ. "ಪಾಪ, ನಿಂಗೆ ಹೇಗೆ ಗೊತ್ತಿರುತ್ತೆ."

ಹನ್ನೆರಡು ವರ್ಷ ಊರಿಗೆಲ್ಲ ಸಮಯ ಹೇಳಿದವಳಿಗೆ ಇಷ್ಟು ದೊಡ್ಡ ರಿಯಾಯಿತಿಯನ್ನು ಯಾರೂ ಕೊಟ್ಟಿರಲಿಲ್ಲ. ಅವಳು ಗೋಡೆಗೆ ಬೆನ್ನು ಕೊಟ್ಟು ಪೂರ್ತಿಯಾಗಿ ಕೂತೇಬಿಟ್ಟಳು. ಗೋಲಿಯೂ ಪಕ್ಕದಲ್ಲಿ ಕೂತಳು, ಕೈಗಳನ್ನು ತೊಡೆಯ ಕೆಳಗೆ ಸೇರಿಸಲಿಲ್ಲ, ಒಂದನ್ನು ಅಮ್ಮನ ಮಡಿಲಿಗೆ ಹಾಕಿದಳು. ಕೆಂಪು ಅಂಕಿ ಎಂಟಾಯಿತು. ಮತ್ತೆ ಒಂಬತ್ತಾಯಿತು. ಇಬ್ಬರೂ ಅದನ್ನೇ ನೋಡುತ್ತಿದ್ದರು. ಗಂಟೆ ಎಷ್ಟೆಂದು ಅವಳಿಗೆ ಗೊತ್ತಿರಲಿಲ್ಲ.

"ಅಮ್ಮಾ" ಎಂದಳು ಗೋಲಿ ಬಹಳ ಮೆಲ್ಲಗೆ. "ಈಗ ನಾನು ಕೇಳ್ಲಾ?"

"ಕೇಳು."